ಕೀ ಉತ್ತರದಲ್ಲಿ ಇಲ್ಲದ ಇತಿಹಾಸ

ಮೊದಲು ಒಂದು ಸಣ್ಣ ಪರೀಕ್ಷೆ ಮಾಡೋಣ. ಪೆನ್ನು ಬೇಡ, ಕೈ ಎತ್ತಿದರೆ ಸಾಕು. ಶ್ರೀರಂಗಪಟ್ಟಣದ ಒಪ್ಪಂದ ಆದದ್ದು ಯಾವ ಇಸವಿಯಲ್ಲಿ?

1792. ಸರಿ. ಕೈ ಎತ್ತಿದವರೆಲ್ಲ ಸಮಾಜ ವಿಜ್ಞಾನದ ಮೇಷ್ಟ್ರುಗಳು, ಟೀಚರುಗಳು. ನೀವು ಈ ವರ್ಷವೂ ಅದೇ ಪಾಠ ಮಾಡಿದ್ದೀರಿ, ಹಾಗಾಗಿ ನಿಮ್ಮನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಗಣಿತದವರು, ಹಿಂದಿನ ಸಾಲಿನಲ್ಲಿರುವ ಅಪ್ಪ ಅಮ್ಮಂದಿರು ಸುಮ್ಮನೆ ಕೂತಿದ್ದೀರಿ. ಆದರೆ ನೀವೆಲ್ಲ ಹತ್ತನೇ ಕ್ಲಾಸು ಪಾಸಾದವರೇ. ಇದೇ ಪ್ರಶ್ನೆಗೆ ಒಂದು ಕಾಲದಲ್ಲಿ ಸರಿ ಉತ್ತರ ಬರೆದವರೇ. ಅರ್ಧ ರಾಜ್ಯ, ಯುದ್ಧದ ಖರ್ಚು, ಇಬ್ಬರು ಮಕ್ಕಳು ಒತ್ತೆ ಅಂತ ಪಾಯಿಂಟ್ ಹಾಕಿ ಬರೆದು ಮಾರ್ಕ್ಸ್ ತಗೊಂಡವರೇ. ಹಾಗಾದರೆ ಅವತ್ತು ನಿಮಗೆ ಬಂದ ಅಂಕ ಏನನ್ನು ಅಳೆಯಿತು? ಇವತ್ತು ನಾನು ಮಾತಾಡಬೇಕು ಅಂತಿರುವುದು ಇಷ್ಟೇ ವಿಷಯ.

ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಹೇಳಿದವನು. ಎಷ್ಟೋ ಸಲ ವ್ಯಾಲ್ಯುಯೇಷನ್‌ಗೆ ಹೋಗಿದ್ದೇನೆ. ಪ್ರಶ್ನೆಪತ್ರಿಕೆಗಳನ್ನೂ ತಯಾರು ಮಾಡಿದ್ದೇನೆ. ಅಂದರೆ ಈಗ ನಾನು ಬೈಯಲಿರುವ ಕೆಲಸಗಳನ್ನೆಲ್ಲ ನಾನೇ ಮಾಡಿದ್ದೇನೆ. ಇದು ನೆನಪಿರಲಿ.

‘ಈಗಿನ ಮಕ್ಕಳಿಗೆ ಇತಿಹಾಸವೇ ಗೊತ್ತಿಲ್ಲ’ ಅನ್ನುವ ಮಾತು ನಿಮಗೆ ಹೊಸದಲ್ಲ. ಟಿವಿಯಲ್ಲಿ ಆಗಾಗ ಬರುತ್ತದೆ. ರಸ್ತೆಯಲ್ಲಿ ಕಾಲೇಜು ಹುಡುಗರನ್ನು ನಿಲ್ಲಿಸಿ ‘ಗಣರಾಜ್ಯೋತ್ಸವ ಯಾಕೆ ಮಾಡ್ತಾರೆ’ ಅಂತ ಕೇಳುತ್ತಾರೆ. ತಪ್ಪು ಹೇಳಿದವರನ್ನು ತೋರಿಸುತ್ತಾರೆ. ಸರಿ ಹೇಳಿದವರನ್ನು ಎಡಿಟ್ ಮಾಡಿ ತೆಗೆಯುತ್ತಾರೆ. ನಾವು ಊಟ ಮಾಡುತ್ತಾ ನೋಡಿ ನಗುತ್ತೇವೆ.

ಈ ಗೋಳಿಗೆ ಎಷ್ಟು ವಯಸ್ಸಾಗಿದೆ ಗೊತ್ತೇ? ಅಮೆರಿಕದವರು ಇದನ್ನು ಅಂಕಿ ಸಮೇತ ಬರೆದಿಟ್ಟಿದ್ದಾರೆ, ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ. ಟೆಕ್ಸಾಸ್‌ನಲ್ಲಿ ಬೆಲ್ ಮತ್ತು ಮೆಕಾಲಮ್ ಅಂತ ಇಬ್ಬರು ಸುಮಾರು 1,500 ವಿದ್ಯಾರ್ಥಿಗಳಿಗೆ ದೇಶದ ಇತಿಹಾಸದ ಸರಳ ಪ್ರಶ್ನೆಗಳನ್ನು ಕೊಟ್ಟರು. ಫಲಿತಾಂಶ ಅಚ್ಚಾದದ್ದು 1917ರಲ್ಲಿ. ಹೈಸ್ಕೂಲು ಮಕ್ಕಳು ನೂರಕ್ಕೆ 33 ಸರಿ ಮಾಡಿದ್ದರು. ವಿಶ್ವವಿದ್ಯಾಲಯದವರು 49. ಸ್ವಾತಂತ್ರ್ಯ ಘೋಷಣೆ ಬರೆದ ಥಾಮಸ್ ಜೆಫರ್ಸನ್‌ಗೂ, ಅಂತರ್ಯುದ್ಧದಲ್ಲಿ ದಕ್ಷಿಣದವರ ಅಧ್ಯಕ್ಷನಾಗಿದ್ದ ಜೆಫರ್ಸನ್ ಡೇವಿಸ್‌ಗೂ ಮಕ್ಕಳಿಗೆ ವ್ಯತ್ಯಾಸ ತಿಳಿಯಲಿಲ್ಲ. ನಮ್ಮಲ್ಲಿ ಒಂದನೇ ಪುಲಿಕೇಶಿ, ಇಮ್ಮಡಿ ಪುಲಿಕೇಶಿ ಕಲಸಿಹೋಗುತ್ತಾರಲ್ಲ, ಹಾಗೆ.

ಆಮೇಲೆ 1943. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ 7,000 ಕಾಲೇಜು ವಿದ್ಯಾರ್ಥಿಗಳಿಗೆ ಪರೀಕ್ಷೆ ಕೊಟ್ಟಿತು. ದೇಶ ಹುಟ್ಟುವಾಗ ಇದ್ದ 13 ವಸಾಹತುಗಳ ಹೆಸರು ಹೇಳಿದವರು ನೂರಕ್ಕೆ ಆರು ಜನ. ಮೊದಲ ಪುಟದಲ್ಲಿ ದೊಡ್ಡ ಗದ್ದಲವಾಯಿತು. ತಮಾಷೆ ಏನೆಂದರೆ, ಎರಡನೇ ಮಹಾಯುದ್ಧಕ್ಕೆ ಹೋಗಿ ಹೋರಾಡಿದ್ದು ಅದೇ ವಯಸ್ಸಿನ ಹುಡುಗರು. ಮುಂದೆ ಆ ದೇಶ ‘ನಮ್ಮ ಅತಿ ಶ್ರೇಷ್ಠ ತಲೆಮಾರು’ ಅಂತ ಹಾಡಿ ಹೊಗಳಿದ್ದು ಅವರನ್ನೇ!

1986ರಲ್ಲಿ ಹದಿನೇಳು ವರ್ಷದ ಮಕ್ಕಳಿಗೆ ದೇಶದಾದ್ಯಂತ ಪರೀಕ್ಷೆ ನಡೆಯಿತು. ಸರಾಸರಿ 54.5. ಅಂತರ್ಯುದ್ಧ ಯಾವ ಐವತ್ತು ವರ್ಷದ ಅವಧಿಯಲ್ಲಿ ಆಯಿತು ಅಂತ ಸರಿಯಾಗಿ ಗುರುತಿಸಿದವರು ಮೂವರಲ್ಲಿ ಒಬ್ಬರು. ಇಸವಿ ಕೂಡ ಕೇಳಿರಲಿಲ್ಲ ನೋಡಿ, ಅರ್ಧ ಶತಮಾನ ಹೇಳಿದರೆ ಸಾಕಿತ್ತು. ಮತ್ತೆ ಗದ್ದಲ. ಪ್ರತಿ ಸಲವೂ ಬೈದವರು ಹಿಂದಿನ ತಲೆಮಾರಿನವರು. ಆ ಬೈದವರೂ ತಮ್ಮ ಕಾಲದಲ್ಲಿ ಬೈಸಿಕೊಂಡವರೇ ಅನ್ನುವುದು ಮಾತ್ರ ಯಾರಿಗೂ ನೆನಪಿರಲಿಲ್ಲ. ಇತಿಹಾಸ ಗೊತ್ತಿಲ್ಲದಿದ್ದರೆ ಹೀಗೇ ಆಗುವುದು.

ಈಗ ಅವರ ಸದ್ಯದ ಅಳತೆಗೆ ಬರೋಣ. ಅದಕ್ಕೆ ಚಿಕ್ಕದಾಗಿ ‘ನೇಪ್’ ಅಂತಾರೆ. 1969ರಿಂದ ನಡೆಯುತ್ತಿರುವ ರಾಷ್ಟ್ರೀಯ ಸಮೀಕ್ಷೆ. ಇದರ ಒಳ್ಳೆಯ ಗುಣ ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ಅದು ನಮ್ಮಲ್ಲಿ ಅಪರೂಪ. ಇದರಲ್ಲಿ ಯಾವ ಮಗುವಿಗೂ ಅಂಕ ಬರುವುದಿಲ್ಲ. ಪಾಸು ಫೇಲು ಇಲ್ಲ. ರ‍್ಯಾಂಕಿಲ್ಲ. ದೇಶದಿಂದ ಒಂದಿಷ್ಟು ಶಾಲೆಗಳನ್ನು ಆರಿಸುತ್ತಾರೆ, ಅಲ್ಲಿಂದ ಒಂದಿಷ್ಟು ಮಕ್ಕಳನ್ನು. ಅನ್ನ ಬೆಂದಿದೆಯಾ ಅಂತ ನೋಡಲು ಪಾತ್ರೆಯನ್ನೆಲ್ಲ ಬಗ್ಗಿಸುವುದಿಲ್ಲವಲ್ಲ, ಒಂದಗುಳು ಹಿಸುಕಿದರೆ ಸಾಕು. 2022ರಲ್ಲಿ ಇಡೀ ಅಮೆರಿಕದ ಎಂಟನೇ ತರಗತಿಯ ಇತಿಹಾಸ ಅಳೆಯಲು ಸುಮಾರು 8,000 ಮಕ್ಕಳು ಸಾಕಾದರು. ಅದರಲ್ಲೂ ಒಬ್ಬ ಮಗುವಿಗೆ ಎಲ್ಲ ಪ್ರಶ್ನೆ ಕೊಡುವುದಿಲ್ಲ. ಪ್ರಶ್ನೆಗಳ ದೊಡ್ಡ ರಾಶಿಯನ್ನು ಭಾಗ ಮಾಡಿ, ಒಬ್ಬೊಬ್ಬರಿಗೆ ಒಂದೊಂದು ತುಂಡು ಕೊಡುತ್ತಾರೆ. ಹೀಗಾಗಿ ಯಾರಿಗೂ ಸುಸ್ತಾಗದೆ ಜಾಸ್ತಿ ವಿಷಯ ಕೇಳಬಹುದು. ಅಂಕವೇ ಇಲ್ಲದ ಮೇಲೆ ಗೈಡು ಯಾರು ಕೊಳ್ಳುತ್ತಾರೆ? ಟ್ಯೂಷನ್‌ಗೆ ಯಾರು ಹೋಗುತ್ತಾರೆ?

ಫಲಿತಾಂಶ 500ರ ಅಳತೆಪಟ್ಟಿಯ ಮೇಲೆ ಬರುತ್ತದೆ. 2014ರಲ್ಲಿ ಎಂಟನೇ ತರಗತಿಯ ಸರಾಸರಿ 267. 2018ರಲ್ಲಿ 263. 2022ರಲ್ಲಿ 258. ಇಳಿಯುತ್ತಿದೆ ಅನ್ನುವುದು ನಿಜ. ಅದಕ್ಕೆ ಕೋವಿಡ್ ಒಂದೇ ಕಾರಣ ಅನ್ನುವ ಹಾಗಿಲ್ಲ, ಇಳಿಜಾರು ಕೋವಿಡ್‌ಗಿಂತ ಮೊದಲೇ ಶುರುವಾಗಿತ್ತು. 2022ರಲ್ಲಿ ‘ಪ್ರೊಫಿಷಿಯೆಂಟ್’ ಅನ್ನುವ ಮಟ್ಟ ಮುಟ್ಟಿದವರು ನೂರಕ್ಕೆ 13. ಪೇಪರುಗಳು ಇದನ್ನು ಹಿಡಿದುಕೊಂಡವು. ನೂರಕ್ಕೆ 87 ಮಕ್ಕಳು ಫೇಲು ಅನ್ನುವ ಧಾಟಿಯಲ್ಲಿ ಬರೆದವರೂ ಇದ್ದರು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಆ ಸಮೀಕ್ಷೆಯಲ್ಲಿ ಮೂರು ಮಟ್ಟ ಇವೆ: ಬೇಸಿಕ್, ಪ್ರೊಫಿಷಿಯೆಂಟ್, ಅಡ್ವಾನ್ಸ್ಡ್. ಪ್ರೊಫಿಷಿಯೆಂಟ್ ಅಂದರೆ ‘ತರಗತಿಗೆ ತಕ್ಕಷ್ಟು ಬರುತ್ತದೆ’ ಅಂತ ಅರ್ಥ ಅಲ್ಲ, ಅದು ಬೇರೆ ಮತ್ತು ಅದಕ್ಕಿಂತ ಮೇಲಿನ ಮಟ್ಟ ಅಂತ ಸಮೀಕ್ಷೆ ಮಾಡುವವರೇ ಹೇಳುತ್ತಾರೆ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಡಿಸ್ಟಿಂಕ್ಷನ್ ಬಂದವರನ್ನು ಬಿಟ್ಟು ಉಳಿದವರನ್ನೆಲ್ಲ ಫೇಲು ಅಂದ ಹಾಗೆ. ಹಾಗಂತ ಎಲ್ಲ ಚೆನ್ನಾಗಿದೆ ಅಂತಲೂ ಅಲ್ಲ. ಬೇಸಿಕ್ ಕೂಡ ಮುಟ್ಟದವರು 2014ರಲ್ಲಿ ನೂರಕ್ಕೆ 29 ಇದ್ದರು, 2022ರಲ್ಲಿ 40. ಚಿಂತೆ ಮಾಡುವುದಾದರೆ ಈ ನಲವತ್ತರ ಬಗ್ಗೆ ಮಾಡಬೇಕು. ಸುದ್ದಿಯಾಗಿದ್ದು ಮಾತ್ರ ಹದಿಮೂರು.

2010ರ ಸುತ್ತಿನ ಎರಡು ಪ್ರಶ್ನೆ ಹೇಳುತ್ತೇನೆ. ನಾಲ್ಕನೇ ತರಗತಿಯವರಿಗೆ ಅಬ್ರಹಾಂ ಲಿಂಕನ್ ಫೋಟೋ ತೋರಿಸಿ, ಇವರು ಯಾರು, ಯಾಕೆ ಮುಖ್ಯ, ಎರಡು ಕಾರಣ ಕೊಡಿ ಅಂದರು. ಪೂರ್ತಿ ಸರಿ ಮಾಡಿದವರು ನೂರಕ್ಕೆ 9. ‘ಲಿಂಕನ್ನನ್ನೇ ಗುರುತಿಸದ ಅಮೆರಿಕದ ಮಕ್ಕಳು’ ಅಂತ ಹೇಳಿಬಿಡಬಹುದು ಅಲ್ವಾ? ಆದರೆ ಆ ಒಂಬತ್ತರೊಳಗೆ ಬರಲು ಮೂರು ಕೆಲಸ ಆಗಬೇಕು: ಮುಖ ಗುರುತಿಸಬೇಕು, ಒಂದು ಕಾರಣ ಬರೆಯಬೇಕು, ಇನ್ನೊಂದು ಕಾರಣವನ್ನೂ ಬರೆಯಬೇಕು. ಒಂಬತ್ತು ಹತ್ತು ವರ್ಷದ ಮಗು ‘ಲಿಂಕನ್, ಗುಲಾಮರನ್ನು ಬಿಡಿಸಿದವರು’ ಅಂತ ಬರೆದು ಪೆನ್ಸಿಲ್ ಕೆಳಗಿಟ್ಟರೆ ಆ ಮಗು ಒಂಬತ್ತರಲ್ಲಿ ಇಲ್ಲ. ಇನ್ನೊಂದು, ಹನ್ನೆರಡನೇ ತರಗತಿಯದು. ಶಾಲೆಗಳಲ್ಲಿ ಕರಿಯರನ್ನು, ಬಿಳಿಯರನ್ನು ಬೇರೆ ಬೇರೆ ಕೂರಿಸುವುದು ಸಲ್ಲದು ಅಂತ ಅಲ್ಲಿನ ಸುಪ್ರೀಂ ಕೋರ್ಟು 1954ರಲ್ಲಿ ಕೊಟ್ಟ ತೀರ್ಪು, ಬ್ರೌನ್ ಮೊಕದ್ದಮೆಯದು. ತೀರ್ಪಿನ ಸಾಲುಗಳನ್ನೇ ಕೊಟ್ಟು, ಇದು ಯಾವ ಪರಿಸ್ಥಿತಿಯನ್ನು ಸರಿಪಡಿಸಲು ಬಂತು, ವಿವರಿಸಿ ಅಂದರು. ಪೂರ್ಣ ಅಂಕದ ಉತ್ತರ ನೂರಕ್ಕೆ 2. ಇಲ್ಲಿ ನನಗೆ ಎರಡು ಮನಸ್ಸಿದೆ. ಅಷ್ಟು ದೊಡ್ಡ ತೀರ್ಪಿನ ಹಿನ್ನೆಲೆ ಬರೆಯಲು ಬರದಿದ್ದರೆ ಪಾಠದಲ್ಲೇ ಏನೋ ಕೆಟ್ಟಿದೆ. ಆದರೆ ನಾನು ಮೇಷ್ಟ್ರು. ಅಂಕವಿಲ್ಲದ ಪರೀಕ್ಷೆಯಲ್ಲಿ ಹದಿನೆಂಟರ ಹುಡುಗ ಎಷ್ಟು ಉದ್ದ ಬರೆಯುತ್ತಾನೆ ಅಂತಲೂ ಗೊತ್ತು. ಅಂಕವಿದ್ದರೆ ಉರು ಹೊಡೆಯುತ್ತಾನೆ, ಇಲ್ಲದಿದ್ದರೆ ಉದಾಸೀನ ಮಾಡುತ್ತಾನೆ. ಎರಡರಲ್ಲೂ ಅವನಿಗೆ ನಿಜಕ್ಕೂ ಏನು ಗೊತ್ತು ಅನ್ನುವುದು ಅರ್ಧ ಮುಚ್ಚಿಹೋಗುತ್ತದೆ.

ಅಮೆರಿಕದಲ್ಲಿ ಸ್ಯಾಮ್ ವೈನ್‌ಬರ್ಗ್ ಅಂತ ಒಬ್ಬರು ಪ್ರಾಧ್ಯಾಪಕರು ಇದ್ದಾರೆ, ಸ್ಟ್ಯಾನ್‌ಫರ್ಡಿನವರು. ಮಕ್ಕಳು ಇತಿಹಾಸವನ್ನು ಹೇಗೆ ಯೋಚಿಸುತ್ತಾರೆ ಅನ್ನುವುದನ್ನೇ ಜೀವಮಾನವೆಲ್ಲ ಅಧ್ಯಯನ ಮಾಡಿದವರು. ಇಂಥ ಪರೀಕ್ಷೆಗಳ ಒಳಗುಟ್ಟೊಂದನ್ನು ಅವರು ಹೇಳಿದರು. ಪ್ರಶ್ನೆಗಳನ್ನು ಮೊದಲು ಪ್ರಯೋಗಕ್ಕೆ ಬಿಡುತ್ತಾರೆ. ಹೆಚ್ಚು ಕಡಿಮೆ ಎಲ್ಲರೂ ಸರಿ ಮಾಡಿದ ಪ್ರಶ್ನೆ ಇದ್ದರೆ ಅದನ್ನು ತೆಗೆದುಹಾಕುತ್ತಾರೆ. ಯಾಕೆ? ಜಾಣರನ್ನೂ ದಡ್ಡರನ್ನೂ ಬೇರೆ ಮಾಡಲು ಅದು ಉಪಯೋಗಕ್ಕೆ ಬರುವುದಿಲ್ಲ. ಅಂದರೆ ಮಕ್ಕಳೆಲ್ಲರಿಗೂ ಗೊತ್ತಿರುವುದನ್ನು ಪರೀಕ್ಷೆಯೇ ಜರಡಿ ಹಿಡಿದು ಆಚೆ ಹಾಕಿ, ಉಳಿದದ್ದನ್ನು ಕೇಳಿ, ‘ನೋಡಿ, ಇವರಿಗೇನೂ ಗೊತ್ತಿಲ್ಲ’ ಅನ್ನುತ್ತದೆ.

ಹಾಗಾದರೆ ಗೊತ್ತಿರುವುದು ಏನು ಅಂತ ನೋಡಲು ಅವರು ಮತ್ತು ಜೊತೆಯವರು ಪ್ರಶ್ನೆಯನ್ನೇ ತಿರುಗಿಸಿದರು. ಐವತ್ತೂ ರಾಜ್ಯಗಳ ಸುಮಾರು 2,000 ಹೈಸ್ಕೂಲು ಮಕ್ಕಳಿಗೆ ಖಾಲಿ ಹಾಳೆ ಕೊಟ್ಟು, ಅಧ್ಯಕ್ಷರನ್ನು ಬಿಟ್ಟು ದೇಶದ ಇತಿಹಾಸದ ಹತ್ತು ಪ್ರಸಿದ್ಧ ವ್ಯಕ್ತಿಗಳ ಹೆಸರು ಬರೆಯಿರಿ ಅಂದರು. ನೂರಕ್ಕೆ 67 ಜನ ಮಾರ್ಟಿನ್ ಲೂಥರ್ ಕಿಂಗ್ ಬರೆದರು. 60 ಜನ ಬಸ್ಸಿನಲ್ಲಿ ಸೀಟು ಬಿಡಲು ಒಪ್ಪದ ರೋಸಾ ಪಾರ್ಕ್ಸ್. 44 ಜನ ಗುಲಾಮರನ್ನು ಪಾರುಮಾಡಿಸಿದ ಹ್ಯಾರಿಯೆಟ್ ಟಬ್‌ಮನ್. ಬಿಳಿಯರು, ಕರಿಯರು, ಉತ್ತರ, ದಕ್ಷಿಣ ಎಲ್ಲ ಕಡೆಯೂ ಇದೇ ಹೆಸರುಗಳು ಮೇಲೆ ಬಂದವು. ಏನೂ ಗೊತ್ತಿಲ್ಲ ಅಂತ ಬೈಸಿಕೊಂಡ ಮಕ್ಕಳೇ ಇವರೂ. ಬರೀ ಹೆಸರು ಗೊತ್ತಿದ್ದರೆ ಇತಿಹಾಸ ಗೊತ್ತಿದ್ದ ಹಾಗೇನಲ್ಲ, ಒಪ್ಪಿದೆ. ಆದರೆ ಕೇಳುವ ದಾರಿ ಬದಲಾದರೆ ಮಗು ಎಷ್ಟು ಬದಲಾಗಿ ಕಾಣುತ್ತದೆ ನೋಡಿ.

ಈಗ ನಮ್ಮ ಮನೆಗೆ ಬರೋಣ. ನಮ್ಮದು ತಿರುಗಾಮುರುಗಾ.

ಅವರ ಪರೀಕ್ಷೆ ಎಲ್ಲರಿಗೂ ಗೊತ್ತಿರುವುದನ್ನು ಕೇಳುವುದಿಲ್ಲ. ನಮ್ಮ ಪರೀಕ್ಷೆ ಅದನ್ನು ಬಿಟ್ಟು ಬೇರೆ ಕೇಳುವುದಿಲ್ಲ. ನೀಲನಕ್ಷೆ ಇದೆ. ಯಾವ ಪಾಠದಿಂದ ಎಷ್ಟು ಅಂಕ ಅಂತ ಮೊದಲೇ ಗೊತ್ತು. ಹಿಂದಿನ ಐದು ವರ್ಷದ ಪತ್ರಿಕೆಗಳು ಇವೆ. ಪ್ರಶ್ನೆಕೋಠಿ ಇದೆ. ಇಷ್ಟೂ ಸಾಲದೆ ಜನವರಿ ಬಂತೆಂದರೆ ‘ಪಾಸಿಂಗ್ ಪ್ಯಾಕೇಜ್’. ನಾನೇ ಬರೆದು ಜೆರಾಕ್ಸ್ ಮಾಡಿಸಿ ಹಂಚಿದ್ದೇನೆ, ಹಿಂದುಳಿದ ಮಕ್ಕಳಿಗೆ ಅಂತ. ಸಹಾಯಕ ಸೈನ್ಯ ಪದ್ಧತಿ ಜಾರಿಗೆ ತಂದವನು ವೆಲ್ಲೆಸ್ಲಿ, ದತ್ತು ಮಕ್ಕಳಿಗೆ ಹಕ್ಕಿಲ್ಲ ಅಂದವನು ದಾಲ್‌ಹೌಸಿ, 1857ರ ದಂಗೆ ಸೋಲಲು ನಾಲ್ಕು ಕಾರಣ. ನಾಲ್ಕೇ, ಐದನೆಯದು ಬೇಡ, ಅಂಕ ಇರುವುದು ನಾಲ್ಕಕ್ಕೆ. ಸಹಾಯಕ ಸೈನ್ಯ ಅಂದರೆ ಯಾರ ಸೈನ್ಯ, ಯಾರಿಗೆ ಸಹಾಯ, ಯಾರ ದುಡ್ಡಲ್ಲಿ ಅಂತ ಕೇಳಿದರೆ ಅರ್ಧ ತರಗತಿ ಮುಖ ಮುಖ ನೋಡಿಕೊಳ್ಳುತ್ತಿತ್ತು. ಅಂಕ ಮಾತ್ರ ಚೆನ್ನಾಗಿಯೇ ಬರುತ್ತಿತ್ತು. ಹಾಗಾಗಿ ಒಂದು ದೇಶದ ಪರೀಕ್ಷೆಗೆ ಮಕ್ಕಳಲ್ಲಿ ಅಜ್ಞಾನ ಕಾಣುತ್ತದೆ, ಇನ್ನೊಂದು ದೇಶದ ಪರೀಕ್ಷೆಗೆ ಜ್ಞಾನ ಕಾಣುತ್ತದೆ. ಮಕ್ಕಳು ಎರಡೂ ಕಡೆ ಹೆಚ್ಚು ಕಡಿಮೆ ಒಂದೇ ಥರದವರು ಅಂತ ನನ್ನ ಗುಮಾನಿ.

ನೇಪ್ ಥರದ್ದು ನಮ್ಮಲ್ಲಿ ಇಲ್ಲವಾ ಅಂದರೆ, ಇದೆ. ನ್ಯಾಷನಲ್ ಅಚೀವ್‌ಮೆಂಟ್ ಸರ್ವೆ ಅಂತ. 2021ರ ನವೆಂಬರ್ 12ರಂದು ಒಂದೇ ದಿನ ದೇಶದಲ್ಲಿ ಸುಮಾರು 34 ಲಕ್ಷ ಮಕ್ಕಳು ಬರೆದರು. ಎಂಟನೇ ತರಗತಿಯ ಸಮಾಜ ವಿಜ್ಞಾನದ ಸರಾಸರಿ 500ಕ್ಕೆ 255. ಹತ್ತನೇ ತರಗತಿಯದು 231. ಆಮೇಲೆ ಅದೇ ಸರ್ವೆ ‘ಪರಖ್’ ಅನ್ನುವ ಹೊಸ ಹೆಸರಿನಲ್ಲಿ 2024ರ ಡಿಸೆಂಬರ್‌ನಲ್ಲಿ ನಡೆಯಿತು, ಮೂರು, ಆರು, ಒಂಬತ್ತನೇ ತರಗತಿಗಳಿಗೆ. ಒಂಬತ್ತರ ಮಕ್ಕಳು ಸಮಾಜ ವಿಜ್ಞಾನದಲ್ಲಿ ನೂರಕ್ಕೆ 40 ಸರಿ ಮಾಡಿದರು.

ಸರಿ, ಈ ನಲವತ್ತರಲ್ಲಿ ಇತಿಹಾಸ ಎಷ್ಟು?

ಹೇಳಲು ಬರುವುದಿಲ್ಲ. ನಮ್ಮ ರಾಜ್ಯದ ಹತ್ತನೇ ತರಗತಿಯ ಸಮಾಜ ವಿಜ್ಞಾನದಲ್ಲೇ ನೋಡಿ, ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ ಅಂತ ಆರು ವಿಷಯ ಒಂದೇ ಪುಸ್ತಕದಲ್ಲಿವೆ. ಬರಹದ ಪರೀಕ್ಷೆ 80 ಅಂಕಕ್ಕೆ. ಭೂಪಟದಲ್ಲಿ ಚೆನ್ನಾಗಿ ಗುರುತು ಹಾಕಿ, ಬ್ಯಾಂಕಿನ ಖಾತೆಗಳ ವಿಧ ಬರೆದು ಬಂದ ಅಂಕದ ಮೇಲೂ ‘ಸಮಾಜ ವಿಜ್ಞಾನ’ ಅಂತಲೇ ಬರೆದಿರುತ್ತದೆ. ಬಿಸಿಬೇಳೆ ಬಾತ್ ತಿಂದು ಬೀನ್ಸ್ ಹೇಗಿತ್ತು ಅಂತ ಕೇಳಿದ ಹಾಗೆ. ಹೀಗಿರುವಾಗ ‘ನಮ್ಮ ಮಕ್ಕಳಿಗೆ ದೇಶದ ಇತಿಹಾಸ ಗೊತ್ತಿಲ್ಲ’ ಅಂತ ಭಾಷಣ ಮಾಡುವವರೂ, ‘ಎಲ್ಲ ಚೆನ್ನಾಗಿ ಗೊತ್ತು’ ಅಂತ ಸಮಜಾಯಿಷಿ ಕೊಡುವವರೂ ಯಾವ ಲೆಕ್ಕದ ಮೇಲೆ ಮಾತಾಡುತ್ತಾರೋ ನನಗೆ ಅರ್ಥವಾಗಿಲ್ಲ.

ಈಗ ನನ್ನದೇ ಒಂದು ತಪ್ಪು ಹೇಳುತ್ತೇನೆ.

‘ಕನ್ನಡದ ಮೊದಲ ಶಾಸನ ಯಾವುದು? ಅದರ ಕಾಲ?’ ನಾವೆಲ್ಲ ಕೇಳುವ ಪ್ರಶ್ನೆ. ಹಲ್ಮಿಡಿ ಶಾಸನ, ಕ್ರಿ.ಶ. 450. ಒಂದು ಅಂಕ, ಕಣ್ಣುಮುಚ್ಚಿ ಕೊಡುವ ಅಂಕ. ಒಂದು ವರ್ಷ ಕಿರುಪರೀಕ್ಷೆಯಲ್ಲಿ ಒಬ್ಬ ಹುಡುಗ ಹೆಸರು ಸರಿಯಾಗಿ ಬರೆದು, ಕಾಲ ಅನ್ನುವ ಕಡೆ ‘ಅದರಲ್ಲಿ ಬರೆದಿಲ್ಲ’ ಅಂತ ಬರೆದಿದ್ದ. ಉಡಾಫೆ ಅಂದುಕೊಂಡೆ. ಅರ್ಧ ಅಂಕ ಕಿತ್ತುಕೊಂಡು, ಕರೆದು ಬೈದೆ. ಅವನು ಸುಮ್ನೆ ನಿಂತಿದ್ದ. ಅವರ ಅಜ್ಜಿಯ ಊರು ಬೇಲೂರು ತಾಲ್ಲೂಕು ಅಂತ ಆಮೇಲೆ ತಿಳಿಯಿತು. ಊರಿನಲ್ಲಿ ಯಾರೋ ದೊಡ್ಡವರು ಆ ಶಾಸನದ ಕಥೆ ಹೇಳಿದ್ದರಂತೆ.

ಹುಡುಗ ಬರೆದದ್ದೇ ಸರಿ. ಹಲ್ಮಿಡಿ ಶಾಸನದಲ್ಲಿ ಇಸವಿ ಇಲ್ಲ. 1936ರಲ್ಲಿ ಎಂ.ಎಚ್. ಕೃಷ್ಣ ಅವರು ಅದನ್ನು ಪತ್ತೆ ಮಾಡಿದ ಮೇಲೆ, ಲಿಪಿಯ ಆಕಾರ ನೋಡಿ, ಅದರಲ್ಲಿ ಬರುವ ಕದಂಬ ಅರಸನ ಹೆಸರು ನೋಡಿ, ‘ಸುಮಾರು 450’ ಅಂತ ವಿದ್ವಾಂಸರು ಲೆಕ್ಕ ಹಾಕಿದ್ದು. ಆ ‘ಸುಮಾರು’ ಅನ್ನುವುದು ಪಠ್ಯಪುಸ್ತಕಕ್ಕೆ ಬರುವಾಗ ಸಣ್ಣದಾಯಿತು, ಗೈಡಿಗೆ ಬರುವಾಗ ಬಿದ್ದೇ ಹೋಯಿತು. ಈಚೆಗೆ ಶಿವಮೊಗ್ಗ ಜಿಲ್ಲೆಯ ತಾಳಗುಂದದಲ್ಲಿ ಸಿಕ್ಕ ಶಾಸನ ಇದಕ್ಕಿಂತ ಹಳೆಯದು, 370ರ ಹೊತ್ತಿನದು ಅನ್ನುವ ವಾದವೂ ಬಂದಿದೆ. ಆ ಹುಡುಗನಿಗೆ ಗೊತ್ತಿದ್ದದ್ದು ಇತಿಹಾಸ. ನನ್ನ ಕೈಯಲ್ಲಿ ಇದ್ದದ್ದು ಕೀ ಉತ್ತರ. ಅಂಕ ಕೊಡುವ ಪೆನ್ನೂ ನನ್ನ ಕೈಯಲ್ಲೇ ಇತ್ತು ಅನ್ನುವುದೇ ತೊಂದರೆ.

ಆಮೇಲೆ ನಾನು ಆ ಪ್ರಶ್ನೆಯನ್ನು ಬದಲಾಯಿಸಿದೆ. ‘ಹಲ್ಮಿಡಿ ಶಾಸನದಲ್ಲಿ ಇಸವಿ ಇಲ್ಲ. ಹಾಗಾದರೆ ಅದರ ಕಾಲವನ್ನು ಹೇಗೆ ಕಂಡುಹಿಡಿದಿರಬಹುದು? ಒಂದು ದಾರಿ ಹೇಳಿ.’ ಎರಡು ಅಂಕ. ಮೊದಲ ಸಲ ಅರ್ಧ ತರಗತಿ ಖಾಲಿ ಬಿಟ್ಟಿತು. ಒಬ್ಬಳು ‘ನಮ್ಮ ತಾತನ ಕೈಬರಹ ನೋಡಿದರೆ ಹಳೆಯದು ಅಂತ ಗೊತ್ತಾಗುತ್ತೆ, ಹಾಗೆ’ ಅಂತ ಬರೆದಿದ್ದಳು. ಪೂರ್ತಿ ಅಂಕ ಕೊಟ್ಟೆ. ಲಿಪಿಶಾಸ್ತ್ರಕ್ಕೆ ಅದಕ್ಕಿಂತ ಒಳ್ಳೆಯ ವಿವರಣೆ ನನಗೂ ಬರುತ್ತಿರಲಿಲ್ಲ.

ಮತ್ತೆ ಸ್ಟ್ಯಾನ್‌ಫರ್ಡಿನವರ ಕಡೆ ಒಂದು ನಿಮಿಷ ಹೋಗಿ ಬರೋಣ. ಅವರು ಒಂದು ಕೆಲಸ ಮಾಡಿದರು. ನೇಪ್‌ನ ಪ್ರಶ್ನೆಗಳಲ್ಲಿ ‘ಇದು ನೆನಪಿನದಲ್ಲ, ವಿಶ್ಲೇಷಣೆಯದು’ ಅಂತ ಗುರುತು ಹಾಕಿದ ಬಹುಆಯ್ಕೆ ಪ್ರಶ್ನೆಗಳನ್ನು ಮಕ್ಕಳಿಗೆ ಕೊಟ್ಟು, ನೀವು ಏನು ಯೋಚಿಸುತ್ತೀರೋ ಅದನ್ನು ಬಾಯಿಬಿಟ್ಟು ಹೇಳುತ್ತಾ ಬಿಡಿಸಿ ಅಂದರು. ಮಕ್ಕಳು ವಿಶ್ಲೇಷಣೆ ಮಾಡಲೇ ಇಲ್ಲ. ನೆನಪಿದ್ದರೆ ನೆನಪಿನಿಂದ ಗುರುತು ಹಾಕಿದರು. ಇಲ್ಲದಿದ್ದರೆ ‘ಎ ಅಲ್ಲ, ಡಿ ಅಲ್ಲ, ಉಳಿದದ್ದು ಸಿ’ ಅಂತ ತೆಗೆದುಹಾಕುತ್ತಾ ಬಂದರು. ಉತ್ತರ ಸರಿ. ಅಂದುಕೊಂಡ ಕೆಲಸ ಮಾತ್ರ ತಲೆಯಲ್ಲಿ ನಡೆದಿರಲಿಲ್ಲ. ಈ ಒಂದು ಅಧ್ಯಯನ ಓದಿದ ಮೇಲೆ ಒಎಂಆರ್ ಹಾಳೆ ನೋಡುವ ನನ್ನ ಕಣ್ಣೇ ಬದಲಾಯಿತು.

ಅದರ ಬದಲಿಗೆ ಅವರು ಮಾಡಿದ ಸಣ್ಣ ಪ್ರಶ್ನೆಗಳಲ್ಲಿ ಒಂದು ಬಹಳ ಚೆನ್ನಾಗಿದೆ. ಅಮೆರಿಕದಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬ. 1621ರಲ್ಲಿ ಇಂಗ್ಲೆಂಡಿನಿಂದ ಬಂದವರೂ ಮೂಲನಿವಾಸಿ ವಾಂಪನೋಗ್ ಜನರೂ ಒಟ್ಟಿಗೆ ಕೂತು ಉಂಡರು ಅನ್ನುವ ಚಿತ್ರ ಅಲ್ಲಿ ಬಹಳ ಪರಿಚಿತ. ಆ ಚಿತ್ರ ಕೊಟ್ಟು, ಕೆಳಗೆ ‘1932’ ಅಂತ ಇಸವಿ ಹಾಕಿ, ‘1621ರಲ್ಲಿ ಇಬ್ಬರ ನಡುವೆ ಸಂಬಂಧ ಹೇಗಿತ್ತು ಅಂತ ತಿಳಿಯಲು ಈ ಚಿತ್ರ ಸಹಾಯಕವೇ? ಯಾಕೆ?’ ಅಂತ ಕೇಳುತ್ತಾರೆ. ಮುನ್ನೂರಕ್ಕೂ ಹೆಚ್ಚು ವರ್ಷದ ಅಂತರ ಇದೆ, ಅಲ್ಲಿ ಇಲ್ಲದವನು ಬರೆದ ಚಿತ್ರ ಇದು, ಅಂದರೆ ಸಾಕು. ಕಾಲೇಜಿನಲ್ಲಿ ಇತಿಹಾಸ ಓದುತ್ತಿದ್ದವರೂ ಇದರಲ್ಲಿ ಎಡವಿದರು. ಚಿತ್ರದಲ್ಲಿ ಯಾರು ಯಾರಿಗೆ ಊಟ ಕೊಡುತ್ತಿದ್ದಾರೆ ಅಂತ ಬರೆದುಕೊಂಡು ಕೂತರು.

ಇದನ್ನು ನಮ್ಮ ಮಕ್ಕಳಿಗೆ ಹಾಗೇ ಕೊಡುವ ಹಾಗಿಲ್ಲ, ಅವರಿಗೆ ಆ ಹಬ್ಬವೇ ಗೊತ್ತಿಲ್ಲ. ನಾನು ಶ್ರೀರಂಗಪಟ್ಟಣಕ್ಕೆ ಹೋದೆ.

ಎರಡು ಚಿತ್ರ ತಗೊಂಡೆ. ಒಂದು, ದರಿಯಾ ದೌಲತ್ ಬಾಗಿನ ಗೋಡೆಯ ಮೇಲಿನ ಪೊಲ್ಲಿಲೂರು ಕದನ. ಶಾಲಾ ಪ್ರವಾಸದಲ್ಲಿ ಎಲ್ಲರೂ ಅದರ ಮುಂದೆ ಐದು ನಿಮಿಷ ನಿಂತು, ನಿಂಬೆಹಣ್ಣಿನ ಜ್ಯೂಸು ಕುಡಿಯಲು ಓಡುತ್ತೇವೆ. 1780ರಲ್ಲಿ ಹೈದರ್, ಟಿಪ್ಪು ಸೇರಿ ಕರ್ನಲ್ ಬೇಯ್ಲಿಯ ಸೈನ್ಯವನ್ನು ಸೋಲಿಸಿದ್ದು. ಇಂಗ್ಲಿಷರು ನಾಲ್ಕೂ ಕಡೆ ಸುತ್ತುವರಿದು ಸಿಕ್ಕಿಹಾಕಿಕೊಂಡಿದ್ದಾರೆ, ಗಾಯಗೊಂಡ ಬೇಯ್ಲಿ ಪಲ್ಲಕ್ಕಿಯಲ್ಲಿ ಕೂತಿದ್ದಾನೆ, ಮದ್ದಿನ ಬಂಡಿ ಸಿಡಿಯುತ್ತಿದೆ. ಬರೆಸಿದ್ದು ಗೆದ್ದ ಟಿಪ್ಪುವೇ, 1784ರ ಹೊತ್ತಿಗೆ.

ಇನ್ನೊಂದು, ಡೇವಿಡ್ ವಿಲ್ಕಿ ಅನ್ನುವ ಸ್ಕಾಟ್ಲೆಂಡಿನ ಕಲಾವಿದ 1839ರಲ್ಲಿ ಮುಗಿಸಿದ ದೊಡ್ಡ ತೈಲಚಿತ್ರ. 1799ರ ಮೇ 4ರ ರಾತ್ರಿ ಜನರಲ್ ಬೇರ್ಡ್ ದೀಪದ ಬೆಳಕಿನಲ್ಲಿ ಟಿಪ್ಪುವಿನ ಶವ ಕಂಡದ್ದು. ಬೇರ್ಡ್ ಎತ್ತರಕ್ಕೆ ನಿಂತಿದ್ದಾನೆ, ಟಿಪ್ಪು ಕಾಲ ಬುಡದಲ್ಲಿ. ವಿಲ್ಕಿ ಭಾರತಕ್ಕೆ ಬಂದವನೇ ಅಲ್ಲ. ಚಿತ್ರ ಬರೆಸಿದ್ದು ಬೇರ್ಡ್‌ನ ವಿಧವೆ. ಇದರಲ್ಲಿ ಇನ್ನೊಂದು ಗಂಟಿದೆ, ನನಗೆ ಬಹಳ ಇಷ್ಟ. ಈ ಬೇರ್ಡ್ ಬೇರೆ ಯಾರೂ ಅಲ್ಲ, ಪೊಲ್ಲಿಲೂರಿನಲ್ಲಿ ಸೆರೆಸಿಕ್ಕು ಶ್ರೀರಂಗಪಟ್ಟಣದಲ್ಲೇ ಮೂರು ವರ್ಷಕ್ಕೂ ಜಾಸ್ತಿ ಬಂಧನದಲ್ಲಿದ್ದವನು. 1799ರಲ್ಲಿ ಅದೇ ಕೋಟೆಗೆ ಲಗ್ಗೆ ಹಾಕಿದ ಪಡೆಯ ಮುಂದಾಳು ಅವನೇ. ಅಂದರೆ ಗೋಡೆಯ ಚಿತ್ರದಲ್ಲಿ ಸೋತ ಕಡೆಯ ಮನುಷ್ಯ ಕ್ಯಾನ್ವಾಸಿನ ಚಿತ್ರದಲ್ಲಿ ನಾಯಕ.

ಎರಡನ್ನೂ ಪಕ್ಕಪಕ್ಕ ಕಲರ್ ಜೆರಾಕ್ಸ್ ಮಾಡಿಸಿ, ಯಾವಾಗ ಬರೆದದ್ದು, ಯಾರು ಬರೆಸಿದ್ದು ಅನ್ನುವುದನ್ನು ಕೆಳಗೆ ಒಂದು ಸಾಲು ಹಾಕಿ, ಮೂರೇ ಪ್ರಶ್ನೆ ಕೇಳಿದೆ. ಯಾವ ಚಿತ್ರ ಘಟನೆಗೆ ಹತ್ತಿರದ ಕಾಲದ್ದು? ಬರೆಸಿದವರಿಗೆ ಏನು ತೋರಿಸಬೇಕಿತ್ತು? ಹತ್ತಿರದ ಕಾಲದ್ದು ಅನ್ನುವ ಒಂದೇ ಕಾರಣಕ್ಕೆ ಅದನ್ನು ನಂಬಬಹುದೇ? ಟಿಪ್ಪು ಒಳ್ಳೆಯವನೋ ಕೆಟ್ಟವನೋ ಅಂತ ಕೇಳಲಿಲ್ಲ. ಅದನ್ನು ಕೇಳಿದ್ದರೆ ಮಕ್ಕಳ ಅಪ್ಪಂದಿರ ಉತ್ತರ ಬರುತ್ತಿತ್ತು, ಮಕ್ಕಳದಲ್ಲ. ನಮ್ಮ ಪುಸ್ತಕಗಳಲ್ಲಿ ಯಾವ ಪಾಠ ಇರಬೇಕು, ಯಾವುದು ಹೋಗಬೇಕು ಅಂತ ಸರ್ಕಾರ ಬದಲಾದಾಗಲೆಲ್ಲ ಜಗಳ ಆಗುತ್ತದೆ. ಆಗಲಿ. ಆದರೆ ಯಾವ ಪಾಠ ಇದ್ದರೂ ಈ ಮೂರು ಪ್ರಶ್ನೆ ಕೇಳಬಹುದು.

ಉತ್ತರಗಳು ಹೇಗಿದ್ದವು? ಬಹಳ ಜನ ಚಿತ್ರದಲ್ಲಿ ಕಂಡದ್ದನ್ನೇ ವರ್ಣಿಸಿದರು: ಆನೆ ಇದೆ, ಕುದುರೆ ಇದೆ, ದೀಪ ಇದೆ. ಅವರಿಗೆ ಒಂದು ಅಂಕ. ಕೆಲವರು ಇಸವಿ ಕಳೆದು ‘ಎರಡನೆಯದು ನಲವತ್ತು ವರ್ಷ ಆದ ಮೇಲೆ’ ಅಂತ ಬರೆದರು. ಎರಡು ಅಂಕ. ಒಬ್ಬ ಹುಡುಗ, ಸಾಮಾನ್ಯವಾಗಿ ಮೂವತ್ತೈದರ ಆಸುಪಾಸಿನಲ್ಲಿ ತೇಲುವವನು, ‘ಇಬ್ಬರೂ ತಾವು ಗೆದ್ದ ದಿನವನ್ನೇ ಬರೆಸಿದ್ದಾರೆ. ಸೋತ ದಿನವನ್ನು ಯಾರೂ ಬರೆಸಿಲ್ಲ’ ಅಂತ ಬರೆದಿದ್ದ. ನಾನು ಆ ಹಾಳೆಯನ್ನು ಸ್ಟಾಫ್ ರೂಮಿನಲ್ಲಿ ಓದಿ ಹೇಳಿದೆ. ಆ ವರ್ಷ ಅವನು ಸಮಾಜ ವಿಜ್ಞಾನದಲ್ಲಿ ತೆಗೆದದ್ದು ಜಸ್ಟ್ ಪಾಸು.

ಇದರ ಕಷ್ಟಗಳನ್ನೂ ಹೇಳಿಬಿಡಬೇಕು, ಇಲ್ಲದಿದ್ದರೆ ನೀವು ಹೊರಗೆ ಹೋಗಿ ‘ಇವರಿಗೇನು, ರಿಟೈರ್ ಆಗಿದ್ದಾರೆ’ ಅನ್ನುತ್ತೀರಿ. ನಲವತ್ತು ಹಾಳೆ ಓದಲು ನನಗೆ ಒಂದು ಇಡೀ ಭಾನುವಾರ ಬೇಕಾಯಿತು. ಬಿಟ್ಟ ಸ್ಥಳ ತುಂಬಿ, ಹೊಂದಿಸಿ ಬರೆಯಿರಿ ಆಗಿದ್ದರೆ ಅರ್ಧ ಗಂಟೆ. ಅದೇ ಹಾಳೆಗಳನ್ನು ಪಕ್ಕದ ಸೆಕ್ಷನ್‌ನ ಟೀಚರ್‌ಗೆ ಕೊಟ್ಟೆ. ಕೆಲವಕ್ಕೆ ಅವರು ಹಾಕಿದ ಅಂಕವೇ ಬೇರೆ, ನನ್ನದೇ ಬೇರೆ. ಲಕ್ಷಾಂತರ ಹಾಳೆಗಳಿಗೆ ಇದನ್ನು ಮಾಡಬೇಕಾದರೆ ಮೌಲ್ಯಮಾಪಕರೆಲ್ಲ ಮೊದಲು ಒಟ್ಟಿಗೆ ಕೂತು ಮಾದರಿ ಉತ್ತರಗಳನ್ನು ಓದಿ, ಇದಕ್ಕೆ ಯಾಕೆ ಎರಡು, ಇದಕ್ಕೆ ಯಾಕೆ ಮೂರು ಅಂತ ಜಗಳ ಮಾಡಿ ಒಪ್ಪಬೇಕು. ಅದಕ್ಕೆ ದಿನ ಬೇಕು, ದುಡ್ಡು ಬೇಕು. ಅಷ್ಟು ದುಡ್ಡಿರುವ ಅಮೆರಿಕದವರೇ 2010ರ ನಂತರ ಖರ್ಚು ತಗ್ಗಿಸಲು ನಾಲ್ಕು ಮತ್ತು ಹನ್ನೆರಡನೇ ತರಗತಿಯ ಇತಿಹಾಸ ಸಮೀಕ್ಷೆ ನಿಲ್ಲಿಸಿ ಎಂಟನೆಯದನ್ನು ಮಾತ್ರ ಉಳಿಸಿಕೊಂಡರು. ಗಣಿತ, ಓದು ಎರಡನ್ನೂ ತಪ್ಪದೆ ಅಳೆಯುತ್ತಾರೆ. ಇತಿಹಾಸಕ್ಕೆ ಎಲ್ಲ ದೇಶದಲ್ಲೂ ಕೊನೆಯ ಪಂಕ್ತಿಯಲ್ಲೇ ಎಲೆ.

ಹಾಗಾಗಿ ದೊಡ್ಡ ಪರೀಕ್ಷೆ ಬದಲಾಗುವವರೆಗೆ ಕಾಯಬೇಡಿ ಅನ್ನುತ್ತೇನೆ. ನಿಮ್ಮ ಕೈಯಲ್ಲಿರುವ ಕಿರುಪರೀಕ್ಷೆಗಳಲ್ಲಿ ಒಂದೇ ಒಂದು ಇಂಥ ಪ್ರಶ್ನೆ ಹಾಕಿ ನೋಡಿ. ಇಸವಿ ಕೇಳುವುದನ್ನು ಬಿಡಿ ಅಂತಲೂ ನಾನು ಹೇಳುವುದಿಲ್ಲ. 1780, 1784, 1799, 1839 ಯಾವುದು ಮೊದಲು ಅಂತ ತಿಳಿಯದವನಿಗೆ ಆ ಚಿತ್ರಗಳ ಪ್ರಶ್ನೆ ಬಿಡಿಸಲು ಬರುವುದಿಲ್ಲ. ನೆನಪು ಬೇಕೇ ಬೇಕು. ನೆನಪನ್ನು ಕೇಳಿ ಅಲ್ಲಿಗೇ ನಿಲ್ಲಿಸುತ್ತೇವಲ್ಲ, ಅದರ ಬಗ್ಗೆ ನನ್ನ ತಕರಾರು.

ಕೊನೆಯಲ್ಲಿ ಒಬ್ಬರು ಮೇಡಂ ಕೇಳಿದರು, ‘ಸರ್, ಇಂಥ ಪ್ರಶ್ನೆ ನಮಗೇ ಕೊಟ್ಟರೆ ನಾವು ಸರಿ ಮಾಡ್ತೀವಾ?’ ಅಂತ. ಕೊಟ್ಟಿದ್ದೇನೆ, ಮೇಡಂ. ಒಂದು ತರಬೇತಿಯಲ್ಲಿ ನಮ್ಮವರಿಗೇ ಇದೇ ಎರಡು ಚಿತ್ರ ಹಂಚಿದ್ದೆ. ಕೆಳಗಿನ ಸಾಲನ್ನು ಓದಿ ಉತ್ತರ ಬರೆದವರನ್ನು ಬೆರಳಲ್ಲಿ ಎಣಿಸಬಹುದಿತ್ತು. ಅವತ್ತು ಹಿಂದಿನ ಬೆಂಚಿನಲ್ಲಿದ್ದ ಒಬ್ಬ ಚಿತ್ರಕಲಾ ಮೇಷ್ಟ್ರು ಎದ್ದು ನಿಂತು ನನ್ನ ಪ್ರಶ್ನೆಯಲ್ಲೇ ತಪ್ಪು ಹಿಡಿದರು. ‘ದರಿಯಾ ದೌಲತ್ತಿನ ಚಿತ್ರ 1784ರದ್ದು ಅಂತ ಹಾಕಿದ್ದೀರಿ. ಆದರೆ ಅದು ಹಾಳಾಗಿ, ದಾಲ್‌ಹೌಸಿ ಕಾಲದಲ್ಲಿ ಮತ್ತೆ ಬರೆಸಿದ್ದಲ್ವಾ ಸರ್? ಹಾಗಾದರೆ ನಾವು ಈಗ ನೋಡುತ್ತಿರುವ ಬಣ್ಣ ಯಾವ ಕಾಲದ್ದು?’

ಮಾರನೇ ವರ್ಷ ಅದನ್ನು ನಾಲ್ಕನೇ ಪ್ರಶ್ನೆ ಮಾಡಿಕೊಂಡೆ.